ಏಳು ತಿಂಗಳಿಗೇ ಹುಟ್ಟಿದ ಕೂಸಿನ ಕಣ್ಣು: ರಕ್ತನಾಳ ಬೆಳೆಯುವ ಹೊತ್ತಿನ ಒಂದು ಪ್ರಕರಣ

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿಗೆ ಬರುವ ಕಾಯಿಲೆಯೊಂದಿದೆ. ಆಸ್ಪತ್ರೆಗಳಲ್ಲಿ ಅದನ್ನು ಆರ್‌ಒಪಿ ಅಂತಾರೆ. ಪೂರ್ತಿ ಹೆಸರು ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ. ಕಣ್ಣಿನ ಒಳಪರದೆಯ, ಅಂದರೆ ರೆಟಿನಾದ, ರಕ್ತನಾಳಗಳು ದಾರಿ ತಪ್ಪಿ ಬೆಳೆಯುವ ಕಾಯಿಲೆ ಇದು. ಹೊತ್ತಿಗೆ ಸರಿಯಾಗಿ ಕಂಡುಹಿಡಿದರೆ ಹೆಚ್ಚಿನ ಮಕ್ಕಳ ದೃಷ್ಟಿ ಉಳಿಯುತ್ತದೆ. ಬಿಟ್ಟರೆ ಕೆಲವೇ ವಾರಗಳಲ್ಲಿ ಪರದೆ ಕಿತ್ತು ಬಂದು ಮಗು ಕುರುಡಾಗಬಹುದು.

ಇಲ್ಲಿರುವುದು ರೆಟಿನಾ ವೈದ್ಯನಾಗಿ ನಾನು ನೋಡಿದ ಅಂಥ ಒಂದು ಮಗುವಿನ ಪ್ರಕರಣ. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನವಜಾತ ಶಿಶು ವಿಭಾಗದಲ್ಲಿ ಕೆಲಸ ಮಾಡುವ ನರ್ಸ್‌ಗಳು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ಆಶಾ ಕಾರ್ಯಕರ್ತೆಯರು ಓದಲಿ ಅಂತ ಬರೆದದ್ದು. ಏಳು-ಎಂಟು ತಿಂಗಳಿಗೇ ಹೆರಿಗೆಯಾದ ಮನೆಯವರಿಗೂ ಅರ್ಥವಾಗಬೇಕು ಅನ್ನೋದು ಆಸೆ.

ಹಿನ್ನೆಲೆ

ಮಧ್ಯ ಕರ್ನಾಟಕದ ಒಂದು ರೈತ ಕುಟುಂಬ. ತಾಯಿಗೆ ಇಪ್ಪತ್ತೆರಡು ವರ್ಷ, ಚೊಚ್ಚಲ ಬಸಿರು, ತವರಿಗೆ ಬಂದಿದ್ದಳು. ಬಿ.ಪಿ. ಒಂದೇ ಸಮ ಏರುತ್ತಾ ಹೋಯಿತು. 29ನೇ ವಾರಕ್ಕೇ ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕಾಯಿತು. ಹೆಣ್ಣು ಕೂಸು. ತೂಕ 1,180 ಗ್ರಾಂ.

ಹೆರಿಗೆ ಆದದ್ದು ತಾಲ್ಲೂಕು ಕೇಂದ್ರದ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ. ಕೂಸಿಗೆ ಉಸಿರಾಟದ ತೊಂದರೆ ಇತ್ತು. ತಲೆಯ ಮೇಲೆ ಪ್ಲಾಸ್ಟಿಕ್ ಹುಡ್ ಇಟ್ಟು ಆಮ್ಲಜನಕ ಕೊಟ್ಟರು. ಅಲ್ಲಿ ಬ್ಲೆಂಡರ್ ಇರಲಿಲ್ಲ. ಬ್ಲೆಂಡರ್ ಅಂದರೆ ಗಾಳಿ ಮತ್ತು ಆಮ್ಲಜನಕವನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿ ಕೊಡುವ ಸಾಧನ. ಅದಿಲ್ಲದಿದ್ದರೆ ಸಿಲಿಂಡರ್‌ನಲ್ಲಿ ಇರುವ ಶುದ್ಧ ಆಮ್ಲಜನಕವೇ ನೇರ ಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಅಂತ ತೋರಿಸಲು ಕಾಲಿಗೆ ಕಟ್ಟಿದ ಪಲ್ಸ್ ಆಕ್ಸಿಮೀಟರ್ 99, 100 ಅಂತ ತೋರಿಸುತ್ತಲೇ ಇತ್ತು. ಅಜ್ಜಿ ಆಮೇಲೆ ನಮಗೆ ಹೇಳಿದ್ದು ಹೀಗೆ: "ಡಬ್ಬಿ ಮ್ಯಾಲೆ ನೂರಕ್ಕೆ ನೂರು ಬರ್ತಿತ್ತು ಸರ್, ಅದನ್ನ ನೋಡ್ಕೊಂಡೇ ನಾವು ಧೈರ್ಯವಾಗಿದ್ವಿ."

ನೂರಕ್ಕೆ ನೂರು ಅಂದರೆ ನಮಗೆ ನಿಮಗೆ ಒಳ್ಳೆಯದೇ. 29 ವಾರದ ಕೂಸಿಗೆ, ಹೊರಗಿನಿಂದ ಆಮ್ಲಜನಕ ಕೊಡುತ್ತಿರುವಾಗ, ಅದು ಎಚ್ಚರಿಕೆಯ ಗಂಟೆ. ಅಂಥ ಮಕ್ಕಳಿಗೆ ಸಾಮಾನ್ಯವಾಗಿ 90ರಿಂದ 95ರ ನಡುವೆ ಇಡಬೇಕು ಅಂತ ಹೇಳುತ್ತಾರೆ. ಆಕ್ಸಿಮೀಟರ್‌ನಲ್ಲಿ ಕೆಳಮಿತಿಗೆ ಅಲಾರಂ ಇಟ್ಟ ಹಾಗೇ ಮೇಲ್ಮಿತಿಗೂ ಇಡಲು ಬರುತ್ತದೆ. ಇಲ್ಲಿ ಇಟ್ಟಿರಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಬಿಲ್ ಮನೆಯವರ ಕೈ ಮೀರಿತು. ಕೂಸನ್ನು ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುಗೆ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ, ಸಾಗಿಸಿದರು. ಅಲ್ಲಿ ಬ್ಲೆಂಡರ್ ಇತ್ತು, ಕಾಂಗರೂ ಆರೈಕೆ ಇತ್ತು. ತಾಯಿ ಎದೆಗವಚಿಕೊಂಡು ಕೂತಳು. ನಡುವೆ ಸೋಂಕು ಬಂತು, ವಾಸಿಯಾಯಿತು. ತೂಕ ಮಾತ್ರ ಬಹಳ ನಿಧಾನವಾಗಿ ಏರಿತು. ಹೊಟ್ಟೆಯಲ್ಲೇ ಇದ್ದಿದ್ದರೆ 34ನೇ ವಾರ ಆಗಿರುತ್ತಿದ್ದ ಹೊತ್ತಿಗೆ ಡಿಸ್ಚಾರ್ಜ್ ಆಯಿತು.

ಈ ಕೊನೆಯ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಆರ್‌ಒಪಿಯಲ್ಲಿ ಹುಟ್ಟಿದ ದಿನದಿಂದ ಎಣಿಸಿದರೆ ಸಾಲದು. ಬಸಿರಿನ ವಾರಗಳನ್ನೇ ಮುಂದುವರಿಸಿ ಎಣಿಸಬೇಕು. ಕಣ್ಣಿನ ರಕ್ತನಾಳಗಳಿಗೆ ಹುಟ್ಟುಹಬ್ಬ ಗೊತ್ತಿಲ್ಲ, ಬಸಿರಿನ ಲೆಕ್ಕ ಮಾತ್ರ ಗೊತ್ತು. ಮುಂದೆ ನಾನು 'ಇಷ್ಟನೇ ವಾರ' ಅಂದಾಗಲೆಲ್ಲ ಈ ಲೆಕ್ಕವೇ.

ಕಣ್ಣಿನೊಳಗೆ ನಡೆಯುತ್ತಿದ್ದದ್ದು

ರೆಟಿನಾದ ರಕ್ತನಾಳಗಳು ಹುಟ್ಟುವುದು ಕಣ್ಣಿನ ಹಿಂಭಾಗದಲ್ಲಿ, ನರ ಒಳಗೆ ಬರುವ ಜಾಗದಲ್ಲಿ. ಸುಮಾರು 16ನೇ ವಾರಕ್ಕೆ ಅಲ್ಲಿಂದ ಹೊರಡುತ್ತವೆ. ಸುತ್ತಲೂ ಅಂಚಿನ ಕಡೆ ಹರಡುತ್ತಾ ಹೋಗುತ್ತವೆ. ಮೂಗಿನ ಕಡೆಯ ಅಂಚನ್ನು ಸುಮಾರು 36ನೇ ವಾರಕ್ಕೆ ಮುಟ್ಟುತ್ತವೆ. ಕಿವಿಯ ಕಡೆಯ ಅಂಚು ದೂರ, ಅಲ್ಲಿಗೆ ತಲುಪುವಷ್ಟರಲ್ಲಿ ದಿನ ತುಂಬಿರುತ್ತದೆ. 29ನೇ ವಾರಕ್ಕೆ ಹುಟ್ಟಿದ ಕೂಸಿನ ರೆಟಿನಾದಲ್ಲಿ ಅಂಚಿನ ದೊಡ್ಡ ಭಾಗಕ್ಕೆ ಇನ್ನೂ ನಾಳವೇ ಬಂದಿರುವುದಿಲ್ಲ.

ಈ ನಾಳಗಳನ್ನು ಮುಂದಕ್ಕೆ ಎಳೆಯುವುದು ಆಮ್ಲಜನಕದ ಕೊರತೆ. ಬೆಳೆಯುತ್ತಿರುವ ರೆಟಿನಾಕ್ಕೆ ಹಸಿವು ಜಾಸ್ತಿ. ರಕ್ತ ತಲುಪದ ಕಡೆ ಆಮ್ಲಜನಕ ಕಡಿಮೆಯಾಗುತ್ತದೆ. ಅಲ್ಲಿನ ಜೀವಕೋಶಗಳು ವಿಇಜಿಎಫ್ ಎಂಬ ಪ್ರೋಟೀನನ್ನು ಬಿಡುತ್ತವೆ. ನಾಳದ ತುದಿ ಆ ಪ್ರೋಟೀನಿನ ಜಾಡು ಹಿಡಿದು ಆ ಕಡೆ ಚಿಗುರುತ್ತದೆ. ರೆಟಿನಾದಲ್ಲಿ ಹೀಗೊಂದು ವಸ್ತು ಇರಲೇಬೇಕು ಅಂತ ಕಣ್ಣಿನ ವೈದ್ಯ ಐಸಾಕ್ ಮೈಕಲ್ಸನ್ 1948ರಲ್ಲೇ ಊಹಿಸಿದ್ದರು. ವಿಜ್ಞಾನಿ ನೆಪೋಲಿಯೋನ್ ಫೆರಾರಾ ತಂಡ ಅದನ್ನು ಬೇರ್ಪಡಿಸಿ ವಿಇಜಿಎಫ್ ಅಂತ ಹೆಸರಿಟ್ಟದ್ದು 1989ರಲ್ಲಿ. ಗಾಯ ಮಾಯುವಾಗ, ಬಸಿರಿನಲ್ಲಿ ಮಾಸು ಬೆಳೆಯುವಾಗ ಕೆಲಸ ಮಾಡುವುದು ಇದೇ ಪ್ರೋಟೀನು. ಕ್ಯಾನ್ಸರ್ ಗಡ್ಡೆ ತನಗೆ ರಕ್ತ ಎಳೆದುಕೊಳ್ಳಲು ಬಳಸುವುದೂ ಇದನ್ನೇ.

ಹೊಟ್ಟೆಯೊಳಗೆ ಮಗುವಿನ ರಕ್ತದಲ್ಲಿ ಆಮ್ಲಜನಕದ ಒತ್ತಡ ಬಹಳ ಕಡಿಮೆ, ಹುಟ್ಟಿದ ಮೇಲಿನದರ ಅರ್ಧವೂ ಇರುವುದಿಲ್ಲ. ನಾಳ ಬೆಳೆಯಲು ಆ ಕೊರತೆಯೇ ಬೇಕು. ಏಳನೇ ತಿಂಗಳಿಗೇ ಹೊರಗೆ ಬಂದು, ಮೇಲಿಂದ ಶುದ್ಧ ಆಮ್ಲಜನಕವೂ ಸಿಕ್ಕರೆ ಕೊರತೆ ಮಾಯವಾಗುತ್ತದೆ. ವಿಇಜಿಎಫ್ ಕುಸಿಯುತ್ತದೆ. ನಾಳ ನಿಂತಲ್ಲೇ ನಿಲ್ಲುತ್ತದೆ. ಆಗಲೇ ಬೆಳೆದಿದ್ದ ಎಳೆ ನಾಳಗಳೂ ಕೆಲವು ಮುರುಟಿ ಹೋಗುತ್ತವೆ. ಇದು ಮೊದಲ ಹಂತ. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಕೂಸು ಕಣ್ಣು ಬಿಡುತ್ತದೆ, ಹಾಲು ಕುಡಿಯುತ್ತದೆ, ಮಲಗುತ್ತದೆ.

ನಾಲ್ಕೈದು ವಾರ ಕಳೆಯಲಿ. ರೆಟಿನಾ ಮಾತ್ರ ಬೆಳೆಯುತ್ತಾ ಬಂದಿದೆ, ಹಸಿವು ಹೆಚ್ಚಿದೆ, ನಾಳ ಬಂದಿಲ್ಲ. ಈಗ ವಿಇಜಿಎಫ್ ಒಮ್ಮೆಲೇ ಉಕ್ಕುತ್ತದೆ. ನಾಳಗಳು ಅಡ್ಡಾದಿಡ್ಡಿ ಚಿಗುರುತ್ತವೆ. ರೆಟಿನಾದ ಮೇಲೆ ಹರಡುವ ಬದಲು ಕಣ್ಣಿನ ನಡುವಿನ ಜೆಲ್ಲಿಯೊಳಕ್ಕೆ ಏಳುತ್ತವೆ. ಗೋಡೆ ತೆಳು, ಸೋರುತ್ತವೆ. ದೇಹದ ಬೇರೆ ಕಡೆ ಹೀಗೆ ಸೋರಿದ ನೀರನ್ನು ದುಗ್ಧರಸ ನಾಳಗಳು ಎಳೆದುಕೊಂಡು ಹೋಗುತ್ತವೆ. ಆ ನಾಳಗಳು ಕೆಟ್ಟರೆ ಏನಾಗುತ್ತದೆ ಅನ್ನೋದು ನಮ್ಮ ಕರಾವಳಿಯಲ್ಲಿ, ಕಲಬುರಗಿ-ಬೀದರ್ ಕಡೆ ಆನೆಕಾಲು ನೋಡಿದವರಿಗೆ ಗೊತ್ತು. ರೆಟಿನಾದಲ್ಲಂತೂ ಅಂಥ ನಾಳಗಳು ಹುಟ್ಟಿನಿಂದಲೇ ಇಲ್ಲ. ಕೊನೆಗೆ ಈ ಹುಚ್ಚು ನಾಳಗಳ ಜೊತೆ ನಾರಿನಂಥ ಪೊರೆ ಕಟ್ಟಿ, ಅದು ಕುಗ್ಗಿ, ರೆಟಿನಾವನ್ನೇ ಎಳೆದು ಕೀಳುತ್ತದೆ.

ಇದನ್ನೆಲ್ಲ ತಂದೆಗೆ ವಿವರಿಸುತ್ತಿದ್ದಾಗ ಅವನು ನಡುವೆ ತಡೆದ. ಅವನ ಹೊಲ ಇರುವುದು ನಾಲೆಯ ಕೊನೆ ಭಾಗದಲ್ಲಿ. "ಸರ್, ನಮ್ಮಲ್ಲಿ ಕೊನೆ ಭಾಗಕ್ಕೆ ನೀರು ಬರ್ಲಿಲ್ಲ ಅಂದ್ರೆ ಜನ ಸುಮ್ನಿರಲ್ಲ. ಸಿಕ್ಕ ಸಿಕ್ಕ ಕಡೆ ನಾಲೆ ಒಡೆದು ಪೈಪ್ ಹಾಕ್ತಾರೆ. ಆಮೇಲೆ ಏರಿನೇ ಕುಸಿಯುತ್ತೆ. ಹಂಗಾ?" ಹಂಗೇ ಅಂದೆ. ನಾನು ಹೇಳಬಹುದಾಗಿದ್ದಕ್ಕಿಂತ ಅವನು ಹೇಳಿದ್ದೇ ಚೆನ್ನಾಗಿತ್ತು.

ತೂಕದ ವಿಷಯವೂ ಇಲ್ಲೇ ಸೇರುತ್ತದೆ. ವಿಇಜಿಎಫ್ ಒಂದಿದ್ದರೆ ಸಾಲದು, ನಾಳ ಬೆಳೆಯಲು ಐಜಿಎಫ್-1 ಅನ್ನುವ ಇನ್ನೊಂದು ಬೆಳವಣಿಗೆಯ ವಸ್ತುವೂ ಬೇಕು. ಬಸಿರಿನಲ್ಲಿ ಅದು ತಾಯಿ ಮತ್ತು ಮಾಸಿನ ಆಸರೆಯಲ್ಲಿ ಸಿಗುತ್ತದೆ. ಬೇಗ ಹುಟ್ಟಿದ ಕೂಸಿನಲ್ಲಿ ಕುಸಿದು, ಕೂಸು ಮೈ ತುಂಬಿಕೊಂಡ ಹಾಗೆ ಮತ್ತೆ ಏರುತ್ತದೆ. ತೂಕ ಸರಿಯಾಗಿ ಏರದ ಮಗುವಿಗೆ ಕಣ್ಣಿನ ಅಪಾಯ ಜಾಸ್ತಿ ಅನ್ನೋದಕ್ಕೆ ಕಾರಣಗಳಲ್ಲಿ ಇದೊಂದು. ಎದೆಹಾಲಿಗೂ ಸೋಂಕು ತಡೆಯುವುದಕ್ಕೂ ಕಣ್ಣಿಗೂ ಏನು ಸಂಬಂಧ ಅಂತ ಕೇಳುವವರಿಗೆ ಇದೇ ಉತ್ತರ.

ಸಮಸ್ಯೆ: ಕಾಗದ ಕೈ ಬದಲಿಸಿದಾಗ

ನಮ್ಮ ದೇಶದಲ್ಲಿ 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಎಲ್ಲ ಮಕ್ಕಳ ಕಣ್ಣನ್ನೂ ಪರೀಕ್ಷಿಸಬೇಕು ಅನ್ನೋದು ಸಾಮಾನ್ಯ ಮಾರ್ಗಸೂಚಿ. ಮೊದಲ ತಪಾಸಣೆ ಹುಟ್ಟಿ ನಾಲ್ಕು ವಾರದೊಳಗೆ. 28 ವಾರಕ್ಕಿಂತ ಮುಂಚೆ ಹುಟ್ಟಿದ್ದರೆ, ಇಲ್ಲವೇ ತೂಕ 1,200 ಗ್ರಾಂಗಿಂತ ಕಡಿಮೆ ಇದ್ದರೆ ಇನ್ನೂ ಬೇಗ, ಎರಡರಿಂದ ಮೂರು ವಾರಕ್ಕೆ. ಅಮೆರಿಕದಲ್ಲಿ ಈ ಮಿತಿ 30 ವಾರ, 1,500 ಗ್ರಾಂ. ನಮ್ಮಲ್ಲಿ ಅದಕ್ಕಿಂತ ದಪ್ಪಗಿರುವ ಮಕ್ಕಳಿಗೂ ಗಂಭೀರ ಆರ್‌ಒಪಿ ಬರುತ್ತದೆ. ಅಂಕೆಯಿಲ್ಲದ ಆಮ್ಲಜನಕ ಅದಕ್ಕೆ ದೊಡ್ಡ ಕಾರಣ.

ನಮ್ಮ ಕೂಸು 1,180 ಗ್ರಾಂ. ಅಂದರೆ ಎರಡು-ಮೂರು ವಾರದ ಗುಂಪಿಗೆ ಸೇರಿದ್ದು. ಆಗ ಅದು ಎಸ್‌ಎನ್‌ಸಿಯುನಲ್ಲೇ ಇತ್ತು. ನರ್ಸಿಂಗ್ ಹೋಮ್‌ನ ಸಾಗಣೆ ಚೀಟಿಯಲ್ಲಿ ತೂಕವನ್ನು 1.2 ಕೆ.ಜಿ. ಅಂತ ಬರೆದಿದ್ದರು. ಅಷ್ಟೇ. ಇಪ್ಪತ್ತು ಗ್ರಾಂ ಹೆಚ್ಚು ಬರೆದದ್ದರಿಂದ ಕೂಸು ನಾಲ್ಕು ವಾರದ ಗುಂಪಿಗೆ ಜಾರಿತು. ನಾಲ್ಕನೇ ವಾರಕ್ಕೆ ಸರಿಯಾಗಿ ಸೋಂಕು ಬಂದಿತ್ತು, ಆ ವಾರ ಕಣ್ಣಿನ ತಂಡ ಬಂದಾಗ ಕೂಸನ್ನು ಮುಟ್ಟುವ ಸ್ಥಿತಿ ಇರಲಿಲ್ಲ. ಡಿಸ್ಚಾರ್ಜ್ ಚೀಟಿಯ ಕೆಳಗಡೆ ಇಂಗ್ಲಿಷ್‌ನಲ್ಲಿ 'ಕಣ್ಣಿನ ತಪಾಸಣೆ' ಅಂತ ಒಂದು ಸಾಲು ಇತ್ತು. ದಿನಾಂಕ ಇರಲಿಲ್ಲ, ಎಲ್ಲಿಗೆ ಹೋಗಬೇಕು ಅಂತ ಇರಲಿಲ್ಲ.

ಮನೆಗೆ ಬಂದ ಮೇಲೆ ಬಾಣಂತನ. ಬಿಸಿನೀರು, ಸಾಮ್ರಾಣಿ ಹೊಗೆ, ಕತ್ತಲೆ ಕೋಣೆ. ಮೂರು ತಿಂಗಳು ತುಂಬುವ ತನಕ ತಾಯಿ-ಕೂಸು ಹೊಸ್ತಿಲು ದಾಟುವ ಹಾಗಿಲ್ಲ ಅಂತ ಅಜ್ಜಿಯ ಕಟ್ಟಪ್ಪಣೆ. ಅಜ್ಜಿಯನ್ನು ದೂರಿ ಪ್ರಯೋಜನ ಇಲ್ಲ. ಅಷ್ಟು ಸಣ್ಣ ಕೂಸನ್ನು ಗಾಳಿಗೆ, ಬಸ್ಸಿಗೆ, ಜನರ ನಡುವೆ ಒಯ್ಯಬಾರದು ಅನ್ನುವ ತಿಳಿವಳಿಕೆಯಲ್ಲಿ ಅರ್ಥ ಇದೆ. ಆದರೆ ಈ ಕಾಯಿಲೆ ಕಣ್ಣನ್ನು ತಿನ್ನುವುದೂ ಸರಿಯಾಗಿ ಆ ಮೂರು ತಿಂಗಳ ಒಳಗೇ.

ಮೊದಲ ತಿರುವು ಬಂದದ್ದು ಊರಿನ ಆಶಾ ಕಾರ್ಯಕರ್ತೆಯಿಂದ. 42ನೇ ದಿನದ ಮನೆ ಭೇಟಿಗೆ ಬಂದಿದ್ದಳು. ತಾಯಿ ಕಾರ್ಡ್ ಜೊತೆ ಮಡಿಸಿಟ್ಟ ಡಿಸ್ಚಾರ್ಜ್ ಚೀಟಿ ಬಿಚ್ಚಿದಳು. ಹಿಂದಿನ ತಿಂಗಳ ಸಭೆಯಲ್ಲಿ ಯಾರೋ ಈ ವಿಷಯ ಹೇಳಿದ್ದು ಅವಳ ತಲೆಯಲ್ಲಿ ಉಳಿದಿತ್ತು.

"ಅಜ್ಜಿ, ಮಗಿಗೆ ಕಣ್ಣು ತೋರ್ಸಿದ್ರಾ?"

"ಕಣ್ಣಿಗೇನಾಗೈತವ್ವ? ಪಿಳಿಪಿಳಿ ಅಂತ ನೋಡ್ತೈತೆ."

"ಹೊರಗಡೆ ಚೆನ್ನಾಗೇ ಕಾಣ್ತೈತೆ ಅಜ್ಜಿ. ಒಳಗಡೆ ಏನೈತೋ ದೀಪ ಹಾಕಿ ನೋಡ್ಬೇಕು. ನಾಳೆನೇ ಹೋಗಣ, ನಾನೂ ಬರ್ತೀನಿ."

ಅವಳು ಬಂದಳು ಕೂಡ.

ತಪಾಸಣೆ ಮತ್ತು ಕವಲು ದಾರಿ

ನಾವು ಕೂಸನ್ನು ನೋಡಿದಾಗ 35ನೇ ವಾರ. ಕಣ್ಣಿನ ಪಾಪೆ ಅಗಲವಾಗಲು ಹನಿ ಹಾಕಿದೆವು. ಹಾಲು ಕುಡಿಸಿ ಸ್ವಲ್ಪ ಹೊತ್ತು ಬಿಟ್ಟಿರಬೇಕು, ಇಲ್ಲದಿದ್ದರೆ ವಾಂತಿ ಶ್ವಾಸಕ್ಕೆ ಹೋಗಬಹುದು. ಬೇರೆ ಮಕ್ಕಳಲ್ಲಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ಪಾಪೆ ಚೆನ್ನಾಗಿ ತೆರೆಯುತ್ತದೆ. ಈ ಕೂಸಿನದು ತೆರೆಯಲಿಲ್ಲ. ಮತ್ತೆ ಹಾಕಿದೆವು. ಸ್ವಲ್ಪ ತೆರೆದು ನಿಂತುಬಿಟ್ಟಿತು. ಪಾಪೆಯ ಅಂಚಿನಲ್ಲಿ ತೆಳ್ಳನೆಯ ಕೆಂಪು ಗೆರೆಗಳು. ಒಳಗೆ ನೋಡುವ ಮುಂಚೆಯೇ ಕಾಯಿಲೆ ಜೋರಾಗಿದೆ ಅಂತ ಹೇಳುವ ಗುರುತುಗಳಿವು. ಹನಿ ಹಾಕಿದರೂ ತೆರೆಯದ ಪಾಪೆಯನ್ನು 'ಹನಿ ಸರಿ ಇಲ್ಲ' ಅಂತ ಬಿಟ್ಟು, ಮುಂದಿನ ವಾರ ಬನ್ನಿ ಅಂತ ಕಳಿಸಿದರೆ ಎಲ್ಲ ಮುಗಿದ ಹಾಗೆ.

ಸಣ್ಣ ಕ್ಲಿಪ್ಪಿನಿಂದ ರೆಪ್ಪೆ ಬಿಡಿಸಿ, ನಾಲಿಗೆಗೆ ಎರಡು ಹನಿ ಸಕ್ಕರೆ ನೀರು ಬಿಟ್ಟು ನೋಡಿದೆವು. ಎರಡೂ ಕಣ್ಣಿನಲ್ಲಿ ನಾಳಗಳು ನಡುಭಾಗವನ್ನೂ ದಾಟಿರಲಿಲ್ಲ. ವೈದ್ಯರ ಲೆಕ್ಕದಲ್ಲಿ ಮೊದಲ ವಲಯ. ಇದ್ದಷ್ಟು ನಾಳ ಊದಿ, ಹಾವಿನ ಹಾಗೆ ಸುತ್ತಿಕೊಂಡಿದ್ದವು. ಎಲ್ಲಿ ಅಪಧಮನಿ ಎಲ್ಲಿ ಅಭಿಧಮನಿ ಅಂತ ಬಿಡಿಸಲಾಗದ ಹಾಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಇದು ಆಕ್ರಮಣಕಾರಿ ಆರ್‌ಒಪಿ. 2021ರಲ್ಲಿ ಅಂತಾರಾಷ್ಟ್ರೀಯ ವರ್ಗೀಕರಣ ಪರಿಷ್ಕರಣೆಯಾದಾಗ ಇದರ ಹೆಸರನ್ನೂ ತಿದ್ದಿದರು. ತೀರಾ ಸಣ್ಣ ಮಕ್ಕಳಲ್ಲಿ, ಕಣ್ಣಿನ ಹಿಂಭಾಗದಲ್ಲಿ ಮಾತ್ರ ಬರುವಂಥದ್ದು ಅಂತ ಅಂದುಕೊಂಡಿದ್ದು ಸರಿಯಲ್ಲ, ಸೌಲಭ್ಯ ಕಡಿಮೆ ಇರುವ ಕಡೆ ದೊಡ್ಡ ಮಕ್ಕಳಲ್ಲೂ ಬರುತ್ತದೆ ಅಂತ ಗೊತ್ತಾದದ್ದು ಅದಕ್ಕೆ ಕಾರಣ. ಇದು ಹಂತ ಹಂತವಾಗಿ ಏರುವುದಿಲ್ಲ, ಕೆಲವೇ ದಿನಗಳಲ್ಲಿ ಪರದೆ ಕಿತ್ತುಬಿಡುತ್ತದೆ. ಚಿಕಿತ್ಸೆ ಎರಡು ದಿನದ ಒಳಗೆ ಆಗಬೇಕು.

ದಾರಿ ಎರಡು.

ಒಂದು ಲೇಸರ್. ನಾಳ ತಲುಪದೆ ಹಸಿದು ಕೂತಿರುವ ಅಂಚಿನ ರೆಟಿನಾವನ್ನೇ ಸುಟ್ಟುಬಿಡುವುದು. ವಿಇಜಿಎಫ್ ಹುಟ್ಟುವ ಜಾಗವೇ ಇಲ್ಲವಾದ ಮೇಲೆ ಹುಚ್ಚು ನಾಳಗಳು ಇಳಿಯುತ್ತವೆ. ಒಮ್ಮೆ ಸರಿಯಾಗಿ ಮಾಡಿದರೆ ಕೆಲಸ ಹೆಚ್ಚುಕಡಿಮೆ ಮುಗಿದ ಹಾಗೆ. ಆದರೆ ಈ ಕೂಸಿನಲ್ಲಿ ಸುಡಬೇಕಾಗಿದ್ದದ್ದು ರೆಟಿನಾದ ಬಹುಪಾಲು. ಪಕ್ಕದ ನೋಟ ಹೋಗುತ್ತದೆ, ಮುಂದೆ ಭಾರಿ ಮೈನಸ್ ಕನ್ನಡಕ ಬರುವ ಸಾಧ್ಯತೆ ಜಾಸ್ತಿ. ಮೊದಲ ವಲಯದ ಕಾಯಿಲೆಯಲ್ಲಿ ಲೇಸರ್ ಸೋಲುವುದೂ ಹೆಚ್ಚು. ಸಾಲದ್ದಕ್ಕೆ ಪಾಪೆ ತೆರೆಯದ ಕಣ್ಣಿನಲ್ಲಿ ಲೇಸರ್ ಮಾಡುವುದು ಬಹಳ ಕಷ್ಟ.

ಇನ್ನೊಂದು ಇಂಜೆಕ್ಷನ್. ಬೆವಾಸಿಜುಮ್ಯಾಬ್ ಅನ್ನುವ ಔಷಧಿ ವಿಇಜಿಎಫ್ ಅನ್ನು ಹಿಡಿದು ಕಟ್ಟಿಹಾಕುತ್ತದೆ. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕದ್ದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ. ಅದರ ಒಂದು ಚೂರೇ ಚೂರನ್ನು ಕಣ್ಣಿಗೆ ಕೊಡುತ್ತೇವೆ. 2011ರಲ್ಲಿ ಪ್ರಕಟವಾದ ಬೀಟ್-ಆರ್‌ಒಪಿ ಅಧ್ಯಯನದಲ್ಲಿ, ಮೊದಲ ವಲಯದ ಕಾಯಿಲೆ ಇಂಜೆಕ್ಷನ್ ನಂತರ ಮರುಕಳಿಸಿದ್ದು 6 ಶೇಕಡಾ, ಲೇಸರ್ ನಂತರ 42 ಶೇಕಡಾ. ಕೆಲವೇ ನಿಮಿಷದ ಕೆಲಸ. ರೆಟಿನಾ ಉಳಿಯುತ್ತದೆ, ನಿಂತ ನಾಳಗಳು ಮತ್ತೆ ಸರಿದಾರಿಯಲ್ಲಿ ಅಂಚಿನ ಕಡೆ ಹೊರಡಬಹುದು.

ತೊಂದರೆ ಎರಡು ಕಡೆ. ಔಷಧಿ ಕಣ್ಣಿನಿಂದ ರಕ್ತಕ್ಕೂ ಸೇರುತ್ತದೆ, ವಾರಗಟ್ಟಲೆ ಉಳಿಯುತ್ತದೆ. ಆ ವಯಸ್ಸಿನಲ್ಲಿ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಎಲ್ಲಕ್ಕೂ ವಿಇಜಿಎಫ್ ಬೇಕು. ಹಾಗಾಗಿ ಡೋಸ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಎರಡನೆಯದು ನಮ್ಮ ಪ್ರಕರಣದಲ್ಲಿ ನಿರ್ಣಾಯಕವಾಯಿತು. ಔಷಧಿಯ ಶಕ್ತಿ ಇಳಿದ ಮೇಲೆ ಅಂಚು ಇನ್ನೂ ಹಸಿದೇ ಇದ್ದರೆ ಕಾಯಿಲೆ ಮತ್ತೆ ಏಳುತ್ತದೆ. ಅದೇ ಅಧ್ಯಯನದಲ್ಲಿ, ಲೇಸರ್ ನಂತರ ಮರುಕಳಿಸಿದ್ದು ಸರಾಸರಿ ಆರು ವಾರಕ್ಕೆ, ಇಂಜೆಕ್ಷನ್ ನಂತರ ಸರಾಸರಿ ಹದಿನಾರು ವಾರಕ್ಕೆ. ಎಲ್ಲ ಸರಿಹೋಯಿತು ಅಂತ ಮನೆಯವರು ನಿರಾಳವಾಗಿರುವ ಹೊತ್ತಿಗೆ.

ಇಬ್ಬರು ರೆಟಿನಾ ವೈದ್ಯರು ಕೂತು ಮಾತಾಡಿ ಇಂಜೆಕ್ಷನ್ ಅಂತ ತೀರ್ಮಾನಿಸಿದೆವು. ಅಂಥದೇ ಕಣ್ಣು ಇವತ್ತು ಬಂದರೂ ಅದನ್ನೇ ಮಾಡುತ್ತೇನೆ. ತಂದೆಗೆ ಹೇಳಿದ್ದು: "ಇದು ಇವತ್ತಿಗೆ ಮುಗಿಯಲ್ಲ. ವಾರ, ಎರಡು ವಾರಕ್ಕೊಮ್ಮೆ ಬರ್ತಾನೇ ಇರ್ಬೇಕು. ಒಂದು ದಿನ ನಾವೇ ಸಾಕು ಅಂತೀವಿ. ಅಲ್ಲಿವರೆಗೂ." ಅವನು ತಲೆಯಾಡಿಸಿದ. ಸಹಿ ಹಾಕಿದ.

ಮುಂದೆ ಆದದ್ದು

ಇಂಜೆಕ್ಷನ್ ಪರಿಣಾಮ ನೋಡದವರಿಗೆ ನಂಬಲು ಕಷ್ಟ. ಎರಡು-ಮೂರು ದಿನದಲ್ಲಿ ಊದಿದ ನಾಳಗಳು ತೆಳ್ಳಗಾದವು. ಮುಂದಿನ ವಾರ ಪಾಪೆ ಸಲೀಸಾಗಿ ತೆರೆಯಿತು. ಆಮೇಲಿನ ತಪಾಸಣೆಗಳಲ್ಲಿ ನಾಳಗಳು ನಿಧಾನವಾಗಿ ಎರಡನೇ ವಲಯಕ್ಕೆ ಕಾಲಿಟ್ಟಿದ್ದವು. 41ನೇ ವಾರದ ತನಕ ಒಂದು ತಪಾಸಣೆಯೂ ತಪ್ಪಲಿಲ್ಲ. ಪ್ರತಿ ಸಲವೂ ಆಶಾ ಕಾರ್ಯಕರ್ತೆಯ ಫೋನ್ ಹೋಗುತ್ತಿತ್ತು, ಒಂದೆರಡು ಸಲ ಅವಳೇ ಜೊತೆಗೆ ಬಂದಿದ್ದಳು. ಕೊನೆಯ ಸಲದ ಚೀಟಿಯಲ್ಲಿ 'ಸುಧಾರಿಸಿದೆ, ಎರಡು ವಾರ ಬಿಟ್ಟು ಬನ್ನಿ' ಅಂತ ಇತ್ತು. ಮನೆಯವರ ಕಿವಿಗೆ ಬಿದ್ದದ್ದು ಮೊದಲ ಪದ ಮಾತ್ರ.

ಆಮೇಲೆ ಕೂಸು ಕಾಣಲಿಲ್ಲ.

ಆದದ್ದು ಇಷ್ಟು. ಮೂರು ತಿಂಗಳು ತುಂಬಿತು. ಒಳ್ಳೆಯ ದಿನ ನೋಡಿ ತಾಯಿ-ಕೂಸನ್ನು ತವರಿನಿಂದ ಗಂಡನ ಮನೆಗೆ ಕಳಿಸಿದರು. ಬೇರೆ ತಾಲ್ಲೂಕು, ಬೇರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಬೇರೆ ಆಶಾ. ನಮ್ಮ ರಿಜಿಸ್ಟರ್‌ನಲ್ಲಿದ್ದದ್ದು ತವರಿನ ವಿಳಾಸ, ಅಜ್ಜಿಯ ಫೋನ್ ನಂಬರ್. ಕರೆ ಮಾಡಿದರೆ ಅಜ್ಜಿ "ಅವರೂರಿಗೆ ಹೋದ್ರು, ಹೇಳ್ತೀನಿ" ಅಂತಿದ್ದಳು. ಹೇಳಿದ್ದಳು ಕೂಡ. ಗಂಡನ ಮನೆಯಲ್ಲಿ ಅತ್ತೆಗೆ ಈ ಕಥೆಯೇ ಹೊಸದು. ಎರಡು ಕೆ.ಜಿ. ದಾಟಿ ಮೈ ತುಂಬಿಕೊಂಡಿರುವ ಮೊಮ್ಮಗಳ ಕಣ್ಣಿಗೆ ಮತ್ತೆ ಮತ್ತೆ ದೀಪ ಬಿಡಿಸುವುದು ಯಾಕೆ? ಅದೇ ಹೊತ್ತಿಗೆ ಭತ್ತದ ಕೊಯ್ಲು, ತಂದೆಗೆ ಬಿಡುವಿಲ್ಲ.

ಯಾರೂ ಬೇಜವಾಬ್ದಾರಿಯಿಂದ ನಡೆದುಕೊಂಡಿರಲಿಲ್ಲ ಅನ್ನೋದು ನನ್ನ ಲೆಕ್ಕ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು, ಕೆಲವು ತಿಂಗಳು ಬಿಟ್ಟು ಗಂಡನ ಮನೆಗೆ ಹೋಗುವುದು ನಮ್ಮಲ್ಲಿ ಎಲ್ಲರ ಮನೆಯಲ್ಲೂ ನಡೆಯುವ ಸಂಗತಿ. ಹಾಗೆ ಹೋಗುವ ದಿನ ಬೆವಾಸಿಜುಮ್ಯಾಬ್‌ನ ಶಕ್ತಿ ಇಳಿಯುವ ದಿನಗಳ ಅಕ್ಕಪಕ್ಕದಲ್ಲೇ ಬರುತ್ತದೆ. ಯಾವ ಪಠ್ಯಪುಸ್ತಕದಲ್ಲೂ ಇದು ಬರೆದಿರುವುದಿಲ್ಲ, ಅಲ್ವಾ.

ಎರಡನೇ ತಿರುವು ಲಸಿಕೆಯ ದಿನ. ಬಾಕಿ ಉಳಿದಿದ್ದ ಲಸಿಕೆಗೆ ಅಂತ ಕೂಸನ್ನು ಅಂಗನವಾಡಿಗೆ ಕರೆತಂದಿದ್ದರು. ಅಲ್ಲಿನ ಸಿಸ್ಟರ್ ಸೂಜಿ ಚುಚ್ಚುವ ಮುಂಚೆ ಕೂಸಿನ ಗಮನ ಸೆಳೆಯಲು ಕೆಂಪು ಗಿಲಕಿ ಆಡಿಸಿದಳು. ಎಡಕ್ಕೆ ಒಯ್ದಾಗ ಕೂಸಿನ ಒಂದು ಕಣ್ಣು ಹಿಂಬಾಲಿಸಿತು, ಇನ್ನೊಂದು ಬೇರೆಲ್ಲೋ ಇತ್ತು. ತಾಯಿಯನ್ನು ಕೇಳಿದಳು. ತಾಯಿ ಚೀಲದಿಂದ ನಮ್ಮ ಚೀಟಿ ತೆಗೆದು ತೋರಿಸಿದಳು. ಮರುದಿನ ಬೆಳಿಗ್ಗೆ ಅವರು ನಮ್ಮಲ್ಲಿದ್ದರು.

ಆಗ 50ನೇ ವಾರ. ಬಲಗಣ್ಣಿನಲ್ಲಿ ಕಾಯಿಲೆ ಮರುಕಳಿಸಿತ್ತು, ನಾಳ ನಿಂತ ಕಡೆ ದಪ್ಪ ಗೆರೆ ಎದ್ದಿತ್ತು, ರೆಟಿನಾ ಇನ್ನೂ ಜಾಗದಲ್ಲಿತ್ತು. ಎಡಗಣ್ಣಿನಲ್ಲಿ ಪೊರೆ ಕುಗ್ಗಿ ಕಿವಿಯ ಕಡೆಯ ರೆಟಿನಾವನ್ನು ಎತ್ತಿತ್ತು. ನೋಟದ ನಡುಬಿಂದು ಇನ್ನೂ ಕಿತ್ತಿರಲಿಲ್ಲ. ಅದು 4ಎ ಹಂತ.

ಈ ಸಲ ಇಂಜೆಕ್ಷನ್ ಬೇಡ ಅಂತ ತೀರ್ಮಾನವಾಯಿತು. ಎಡಗಣ್ಣಿನಲ್ಲಿ ಪೊರೆ ಆಗಲೇ ಎಳೆಯುತ್ತಿದೆ. ಅಂಥ ಹೊತ್ತಿನಲ್ಲಿ ಔಷಧಿ ಕೊಟ್ಟರೆ ನಾಳ ಇಳಿಯುತ್ತದೆ, ಆದರೆ ಪೊರೆ ಇನ್ನಷ್ಟು ಬಿಗಿದು ಎಳೆತ ಹೆಚ್ಚಬಹುದು. ಬಲಗಣ್ಣಿಗೆ ಲೇಸರ್. ಈಗ ನಾಳಗಳು ಮುಂದಕ್ಕೆ ಬಂದಿದ್ದರಿಂದ ಸುಡಬೇಕಾದ ಜಾಗ 35ನೇ ವಾರದಲ್ಲಿ ಇದ್ದದ್ದಕ್ಕಿಂತ ಬಹಳ ಕಡಿಮೆ. ಇಂಜೆಕ್ಷನ್‌ನಿಂದ ಸಿಕ್ಕ ದೊಡ್ಡ ಲಾಭ ಅದು. ಎಡಗಣ್ಣಿಗೆ ಆಪರೇಷನ್ ಮಾಡಿ, ಕಣ್ಣಿನ ಮಸೂರವನ್ನು ಮುಟ್ಟದೆ, ಒಳಗಿನ ಜೆಲ್ಲಿ ಮತ್ತು ಪೊರೆಯನ್ನು ತೆಗೆದರು. ಇದನ್ನು ಮಾಡಬಲ್ಲ ಕೈಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಬೆಂಗಳೂರಿಗೆ ಕಳಿಸಬೇಕಾಯಿತು.

ಈಗ ಹುಡುಗಿಗೆ ಮೂರು ದಾಟಿದೆ. ಬಲಗಣ್ಣಿಗೆ ಮೈನಸ್ ಐದರ ಕನ್ನಡಕ, ಹಾಕಿಕೊಂಡರೆ ಚಿತ್ರದ ಚಾರ್ಟ್‌ನಲ್ಲಿ ಸಣ್ಣ ಸಾಲಿನ ತನಕ ಗುರುತಿಸುತ್ತಾಳೆ. ಎಡಗಣ್ಣಿನ ರೆಟಿನಾ ಕೂತಿದೆ, ನೋಟದ ನಡುಬಿಂದು ಮಾತ್ರ ಕಿವಿಯ ಕಡೆಗೆ ಜರುಗಿದೆ. ಅದರಲ್ಲಿ ಹತ್ತಿರದ ದೊಡ್ಡ ವಸ್ತುಗಳು ಕಾಣುತ್ತವೆ. ದಿನಕ್ಕೆ ಸ್ವಲ್ಪ ಹೊತ್ತು ಬಲಗಣ್ಣಿಗೆ ಪಟ್ಟಿ ಅಂಟಿಸಿ ಎಡಗಣ್ಣಿಗೆ ಕೆಲಸ ಕೊಡುತ್ತಾರೆ. ಪಟ್ಟಿ ಕಿತ್ತು ಹಾಕುವುದರಲ್ಲಿ ಅವಳು ಪ್ರವೀಣೆ.

ಇದರಿಂದ ತಿಳಿಯುವುದು

ಆಮ್ಲಜನಕದ ವಿಷಯದಲ್ಲಿ ಒಂದು ಮಾತು. ಈ ಪ್ರಕರಣ ಓದಿ ಯಾರೂ ಆಮ್ಲಜನಕ ಕಡಿಮೆ ಮಾಡಲು ಹೊರಡಬಾರದು. ಜಗತ್ತು ಆ ತಪ್ಪನ್ನು ಒಮ್ಮೆ ಮಾಡಿದೆ. 1942ರಲ್ಲಿ ಬಾಸ್ಟನ್ನಿನ ಕಣ್ಣಿನ ವೈದ್ಯ ಥಿಯೋಡರ್ ಟೆರಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. 1951ರಲ್ಲಿ ಮೆಲ್ಬರ್ನ್‌ನ ಕೇಟ್ ಕ್ಯಾಂಪ್‌ಬೆಲ್ ಅತಿಯಾದ ಆಮ್ಲಜನಕದ ಮೇಲೆ ಬೆರಳು ತೋರಿಸಿದರು. ಆಮೇಲೆ ಎಲ್ಲೆಡೆ ಆಮ್ಲಜನಕಕ್ಕೆ ಕಡಿವಾಣ ಬಿತ್ತು. ಕುರುಡು ಕಡಿಮೆಯಾಯಿತು, ಸಾಯುವ ಮಕ್ಕಳು ಹೆಚ್ಚಾದರು. 2010ರ ಸಪೋರ್ಟ್ ಅಧ್ಯಯನವೂ ಅದನ್ನೇ ತೋರಿಸಿತು: ಆಕ್ಸಿಮೀಟರ್ ಅಂಕಿ 85-89ರಲ್ಲಿ ಇಟ್ಟ ಮಕ್ಕಳಲ್ಲಿ ಬದುಕಿದವರಿಗೆ ಗಂಭೀರ ಆರ್‌ಒಪಿ 8.6 ಶೇಕಡಾ, 91-95ರಲ್ಲಿ ಇಟ್ಟವರಲ್ಲಿ 17.9. ಆದರೆ ಸಾವು ಕ್ರಮವಾಗಿ 19.9 ಮತ್ತು 16.2 ಶೇಕಡಾ. ಆದ್ದರಿಂದ ಎರಡು ಅಲಾರಂ ಬೇಕು, ಮೇಲೊಂದು ಕೆಳಗೊಂದು. ಬ್ಲೆಂಡರ್ ಇಲ್ಲದ ಕಡೆ ಇಂಥ ಕೂಸನ್ನು ಇಟ್ಟುಕೊಳ್ಳುವ ಬದಲು, ಸ್ಥಿತಿ ಒಂದು ಹದಕ್ಕೆ ಬಂದ ಕೂಡಲೇ ಇರುವ ಕಡೆಗೆ ಕಳಿಸುವುದು ಲೇಸು.

ಗ್ರಾಂಗಳನ್ನು ಹತ್ತಿರದ ಸೊನ್ನೆಗೆ ಸರಿಸಿ ಬರೆಯಬೇಡಿ. 1,180 ಅಂದರೆ 1,180.

ತಪಾಸಣೆ ಮಕ್ಕಳ ಹತ್ತಿರಕ್ಕೆ ಹೋಗಬೇಕು. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆಯ ಶಿಶು ಘಟಕಗಳಿಗೆ ಹೋಗುತ್ತಾರೆ. ಫೋಟೊ ತೆಗೆದು ಕಳಿಸುತ್ತಾರೆ, ವೈದ್ಯರು ದೂರದಲ್ಲೇ ಕೂತು ನೋಡಿ ಹೇಳುತ್ತಾರೆ. ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರ ನಡೆಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಈ ಕಾಯಿಲೆ ಇದೆ. ಆದರೂ ತಂಡ ಬಂದ ದಿನ ಕೂಸಿಗೆ ಹುಷಾರಿಲ್ಲದಿದ್ದರೆ ಏನು ಅನ್ನೋದಕ್ಕೆ ಆಯಾ ಘಟಕವೇ ಉತ್ತರ ಇಟ್ಟುಕೊಳ್ಳಬೇಕು. ಈ ಪ್ರಕರಣದ ಘಟಕದಲ್ಲಿ ಈಗ ತಪ್ಪಿದ ಮಗುವಿನ ಹೆಸರು ಬಿಳಿ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ಇರುತ್ತದೆ, ನೋಡಿ ಆಗುವ ತನಕ ಒರೆಸುವ ಹಾಗಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ದಿನಾಂಕ, ಜಾಗ, ಫೋನ್ ನಂಬರ್ ಇರುತ್ತದೆ.

ಇಂಜೆಕ್ಷನ್ ಕೊಟ್ಟ ಮಗುವಿಗೆ ನಾವು ಬೇರೆಯೇ ಬಣ್ಣದ ಕಾರ್ಡ್ ಮಾಡಿದ್ದೇವೆ. ಅದರಲ್ಲಿ ಎರಡು ವಿಳಾಸ ಬರೆಯುವ ಜಾಗ ಇದೆ, ತವರಿನದು ಮತ್ತು ಗಂಡನ ಮನೆಯದು. ಎರಡೂ ಊರಿನ ಆಶಾ ಕಾರ್ಯಕರ್ತೆಯರ ನಂಬರ್ ಇದೆ. ಗಂಡನ ಮನೆಗೆ ಯಾವಾಗ ಹೋಗುತ್ತೀರಿ ಅಂತ ಮೊದಲ ದಿನವೇ ಕೇಳುತ್ತೇವೆ. ಹೊಸಬರಿಗೆ ಅದು ವೈದ್ಯರು ಕೇಳುವ ಪ್ರಶ್ನೆ ಅನ್ನಿಸುವುದಿಲ್ಲ, ನಗುತ್ತಾರೆ. ಕಾರ್ಡಿನ ಕೆಳಗೆ 65ನೇ ವಾರದ ತನಕ ದಿನಾಂಕಗಳು ಅಚ್ಚಾಗಿರುತ್ತವೆ. ಅಷ್ಟು ದೂರ ಬರಲು ಆಗುವುದೇ ಇಲ್ಲ ಅಂತ ಗೊತ್ತಾದ ಕುಟುಂಬಕ್ಕೆ, ನಾಳಗಳು ಒಂದಿಷ್ಟು ಮುಂದೆ ಬಂದ ಮೇಲೆ ಉಳಿದ ಅಂಚಿಗೆ ಮೊದಲೇ ಲೇಸರ್ ಮಾಡಿ ಮುಗಿಸುವ ದಾರಿಯನ್ನೂ ಮುಂದಿಡುತ್ತೇವೆ. ಇದನ್ನು ಒಪ್ಪದ ವೈದ್ಯರಿದ್ದಾರೆ. ಸುಮ್ಮನೆ ಬಿಟ್ಟರೆ ತಾನಾಗಿಯೇ ಅಂಚು ಮುಟ್ಟುವ ಮಕ್ಕಳಲ್ಲೂ ರೆಟಿನಾ ಸುಟ್ಟ ಹಾಗಾಗುತ್ತದೆ ಅನ್ನೋದು ಅವರ ವಾದ. ಆ ವಾದ ಸರಿಯೇ. ಆದರೆ ಮಗು ಮತ್ತೆ ತಪಾಸಣೆಗೆ ಬರುತ್ತದೆ ಅನ್ನುವ ಭರವಸೆ ಇರುವ ಕಡೆ ಮಾತ್ರ ಅದು ನಡೆಯುತ್ತದೆ.

ಈ ಹುಡುಗಿಗೆ ವರ್ಷಕ್ಕೊಮ್ಮೆಯಾದರೂ ಕಣ್ಣು ತೋರಿಸುವುದು ಬಿಡುವ ಹಾಗಿಲ್ಲ. ಬಾಲ್ಯದಲ್ಲಿ ಆರ್‌ಒಪಿ ಆದ ಕಣ್ಣಿನಲ್ಲಿ ಎಷ್ಟೋ ವರ್ಷ ಬಿಟ್ಟು ರೆಟಿನಾ ಹರಿಯುವುದುಂಟು, ಕಣ್ಣಿನ ಒಳಗಿನ ಒತ್ತಡ ಏರಿ ನರ ಕೆಡುವ ಗ್ಲಾಕೋಮಾ ಬರುವುದುಂಟು. ಶಾಲೆಗೆ ಸೇರಿಸುವಾಗ ಮುಂದಿನ ಬೆಂಚಿನಲ್ಲಿ, ಬೋರ್ಡಿನ ಎದುರಿಗೆ ಕೂರಿಸಲು ಹೇಳುವ ಪತ್ರವನ್ನು ತಂದೆ ಈಗಲೇ ಬರೆಸಿಕೊಂಡು ಹೋಗಿದ್ದಾನೆ.